ಕಾಯುವವರು, ಕಾವಲಿರುವವರು

1

ದಲಿತ ವಿಮರ್ಶೆ ನಮ್ಮಲ್ಲಿ ಹೆಚ್ಚಾಗಿ ಕೃತಿಗಳ ಬಗ್ಗೆ ಮಾತಾಡಿದೆ, ಕೃತಿಕಾರರ ಬಗ್ಗೆ ಮಾತಾಡಿದೆ. ಬರೆದವರು ಯಾರು, ಯಾರ ಅನುಭವವನ್ನು ಬರೆದರು, ಯಾವ ಭಾಷೆಯಲ್ಲಿ ಬರೆದರು ಎಂಬ ಪ್ರಶ್ನೆಗಳನ್ನು ಅದು ಬಿಡದೆ ಕೇಳಿದೆ. ಆದರೆ ಓದುವವರ, ನೋಡುವವರ ಬಗ್ಗೆ ಅದು ಅಷ್ಟಾಗಿ ತಲೆಕೆಡಿಸಿಕೊಂಡಿಲ್ಲ. ಅದರಲ್ಲೂ ಕೃತಿ ಕಣ್ಣೆದುರಿಗೆ ಬರುವ ಮೊದಲೇ ಅದಕ್ಕಾಗಿ ಕಾದು ಕೂತವರ ಮನಸ್ಸಿನಲ್ಲಿ ಏನು ನಡೆಯುತ್ತಿರುತ್ತದೆ ಎಂಬುದನ್ನು ನಾವು ವಿಮರ್ಶೆಯ ವಸ್ತುವೆಂದೇ ಭಾವಿಸಿಲ್ಲ. ಈ ಲೇಖನದಲ್ಲಿ ನಾನು ಆ ಕಾಯುವಿಕೆಯನ್ನೇ ಒಂದು ಪಠ್ಯವೆಂದು ಇಟ್ಟುಕೊಂಡು ಓದಲು ಯತ್ನಿಸುತ್ತೇನೆ. ಅದಕ್ಕೆ ಆರಿಸಿಕೊಂಡಿರೋದು ಅಮೆರಿಕದ ಸೂಪರ್‌ಹೀರೋ ಕಥೆಗಳು ಮತ್ತು ವೈಜ್ಞಾನಿಕ ಕಾದಂಬರಿಗಳು ತೆರೆಗೆ ಬರುವ ಸಂದರ್ಭವನ್ನು.

ಇದನ್ನೇ ಯಾಕೆ ಆರಿಸಿಕೊಂಡೆ ಅಂದರೆ, ಕಾಯುವಿಕೆ ಇಷ್ಟು ವ್ಯವಸ್ಥಿತವಾಗಿ ಸಂಘಟಿತವಾಗಿರುವ ಇನ್ನೊಂದು ಕಲಾವ್ಯವಹಾರ ನನಗೆ ಗೊತ್ತಿಲ್ಲ. ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೋದಲ್ಲಿ 1970ರಿಂದ ನಡೆದುಬಂದಿರುವ ಕಾಮಿಕ್-ಕಾನ್ ಎಂಬ ಜಾತ್ರೆಯಿದೆ. ಅಲ್ಲಿನ ದೊಡ್ಡ ಸಭಾಂಗಣದಲ್ಲಿ ಸುಮಾರು 6,500 ಜನ ಕೂರಬಹುದು. ಅದರೊಳಗೆ ಜಾಗ ಸಿಗಲೆಂದು ಜನ ರಾತ್ರಿಯಿಡೀ ಬೀದಿಯಲ್ಲಿ ಮಲಗುತ್ತಾರೆ. ಒಳಗೆ ಸಿಗೋದೇನು? ಸಿನಿಮಾ ಅಲ್ಲ, ಎರಡು ಮೂರು ವರ್ಷದ ಮೇಲೆ ಬರಲಿರುವ ಸಿನಿಮಾದ ಎರಡು ನಿಮಿಷದ ತುಣುಕು, ಒಂದು ಹೆಸರು, ಒಂದು ತಾರೀಖು. ಅಷ್ಟಕ್ಕೆ ಜನ ಅಳುತ್ತಾರೆ, ಕೂಗುತ್ತಾರೆ, ಜಗಳಾಡುತ್ತಾರೆ.

ಇದು ಮಕ್ಕಳಾಟ, ಬಂಡವಾಳಶಾಹಿಯ ಸರಕು ಎಂದು ಹೇಳುವವರಿದ್ದಾರೆ. ಎರಡೂ ಸುಳ್ಳಲ್ಲ. ಆದರೆ ಯಾವುದು ಗಂಭೀರ, ಯಾವುದು ಅಲ್ಲ ಎಂದು ಗೆರೆ ಎಳೆಯುವ ಅಧಿಕಾರ ಯಾರ ಕೈಲಿದೆ ಅನ್ನೋ ಪ್ರಶ್ನೆಯಿಂದಲೇ ನಮ್ಮ ವಿಮರ್ಶೆ ಹುಟ್ಟಿದ್ದು. ಆ ಗೆರೆಯನ್ನು ಈಗ ನಾವೇ ಎಳೆಯೋದು ಶೋಭೆಯಲ್ಲ. ನಾನು ಪಾಠ ಮಾಡುವ ಪದವಿ ಕಾಲೇಜಿನಲ್ಲಿ ಹಾಸ್ಟೆಲಿನಿಂದ ಬರೋ ಹುಡುಗರು ಪಠ್ಯದ ಕವಿತೆಗಿಂತ ಮುಂದಿನ ಮಾರ್ವೆಲ್ ಸಿನಿಮಾದ ಬಗ್ಗೆ ಹೆಚ್ಚು ಬಲ್ಲರು. ಅವರ ಆ ತಿಳಿವಳಿಕೆಯನ್ನು ಕಸವೆಂದು ಹೊರಗೆ ಹಾಕಿದರೆ ಅವರ ಕನಸಿನ ದೊಡ್ಡ ಪಾಲನ್ನೇ ಹೊರಗೆ ಹಾಕಿದಂತೆ.

ಕನ್ನಡದ ‘ಕಾಯು’ ಎಂಬ ಕ್ರಿಯಾಪದ ಇಲ್ಲಿ ನನಗೆ ನೆರವಿಗೆ ಬರುತ್ತದೆ. ಬಸ್ಸಿಗೆ ಕಾಯ್ತೀವಿ, ಮಳೆಗೆ ಕಾಯ್ತೀವಿ. ಹಾಗೇ ದನ ಕಾಯ್ತೀವಿ, ಹೊಲ ಕಾಯ್ತೀವಿ. ಮೊದಲನೆಯದರಲ್ಲಿ ಕೈಯಲ್ಲಿ ಇಲ್ಲದ್ದರ ನಿರೀಕ್ಷೆಯಿದೆ. ಎರಡನೆಯದರಲ್ಲಿ ಕೈಯಲ್ಲಿರುವುದು ಹೋಗದ ಹಾಗೆ ನೋಡಿಕೊಳ್ಳುವ ಕಾವಲಿದೆ. ಈ ಸಿನಿಮಾಗಳ ಅಭಿಮಾನಿಗಳೆಲ್ಲ ಒಂದೇ ಸಾಲಿನಲ್ಲಿ ನಿಂತಂತೆ ಕಂಡರೂ ಎಲ್ಲರೂ ಕಾಯುತ್ತಿರುವ ಅರ್ಥ ಒಂದೇ ಅಲ್ಲ. ಕೆಲವರು ಎದುರು ನೋಡುತ್ತಿದ್ದಾರೆ, ಕೆಲವರು ಕಾವಲಿದ್ದಾರೆ. ನನ್ನ ಗ್ರಹಿಕೆಯಲ್ಲಿ ಈ ವ್ಯತ್ಯಾಸ ಬಣ್ಣದ್ದು. ನಮ್ಮ ಮಾತಿನಲ್ಲಿ ಹೇಳೋದಾದರೆ ಜಾತಿಯದ್ದು.

2

ಮೊದಲು ಕಾವಲಿನ ಬಗ್ಗೆ ನೋಡೋಣ. ಸುಝಾನ್ ಕಾಲಿನ್ಸ್ 2008ರಲ್ಲಿ ‘ದಿ ಹಂಗರ್ ಗೇಮ್ಸ್’ ಎಂಬ ಕಾದಂಬರಿ ಬರೆದಳು. ಮುಂದೆ ಬರಲಿರುವ ಒಂದು ಕ್ರೂರ ಅಮೆರಿಕದ ಕಥೆ ಅದು. ಅದರಲ್ಲಿ ರೂ ಎಂಬ ಹನ್ನೆರಡು ವರ್ಷದ ಹುಡುಗಿ ಬರುತ್ತಾಳೆ. ಅವಳ ಮೈಬಣ್ಣ ದಟ್ಟ ಕಂದು ಎಂದು ಕಾದಂಬರಿ ಸ್ಪಷ್ಟವಾಗಿ ಹೇಳುತ್ತದೆ. ಲಕ್ಷಾಂತರ ಓದುಗರು ಅವಳ ಸಾವಿಗೆ ಅತ್ತರು, ಸಿನಿಮಾಕ್ಕೆ ಕಾದರು. 2012ರಲ್ಲಿ ಸಿನಿಮಾ ಬಂತು. ರೂ ಪಾತ್ರದಲ್ಲಿ ಅಮಾಂಡ್ಲಾ ಸ್ಟೆನ್‌ಬರ್ಗ್ ಎಂಬ ಕಪ್ಪು ಬಾಲನಟಿ ಇದ್ದಳು. ತಮ್ಮನ್ನು ಈ ಕಾದಂಬರಿಯ ಪರಮ ಅಭಿಮಾನಿಗಳೆಂದು ಕರೆದುಕೊಳ್ಳುತ್ತಿದ್ದ ಎಷ್ಟೋ ಜನ ಸಿಟ್ಟಾದರು. ಇವಳು ರೂ ಅಲ್ಲ ಅಂದರು. ಈ ಹುಡುಗಿ ಕಪ್ಪು ಎಂದು ಗೊತ್ತಾದ ಮೇಲೆ ಅವಳ ಸಾವಿನ ದುಃಖವೇ ಕಡಿಮೆಯಾಯಿತು ಎಂಬರ್ಥದ ಮಾತನ್ನು ಕೂಡ ಬಹಿರಂಗವಾಗಿ ಆಡಿದರು.

ಇದನ್ನು ಬರೀ ವರ್ಣದ್ವೇಷ ಎಂದು ಹೇಳಿ ಮುಂದೆ ಹೋಗುವುದು ಸುಲಭ. ನನಗೆ ಇದು ಓದಿನ ಬಗೆಗಿನ ಸಮಸ್ಯೆಯಾಗಿ ಕಾಣುತ್ತದೆ. ಅಕ್ಷರದಲ್ಲಿ ಅಚ್ಚಾಗಿದ್ದ ಬಣ್ಣವನ್ನು ಓದುಗನ ಕಣ್ಣು ಅಳಿಸಿ ಹಾಕಿದೆ. ಮುಗ್ಧತೆ ಅಂದರೆ ಬಿಳಿ, ಅಳಬೇಕಾದ ಸಾವು ಅಂದರೆ ಬಿಳಿಯ ಸಾವು ಎಂಬ ತರಬೇತಿ ಪಡೆದ ಕಣ್ಣು ಅದು. ಹೀಗೆ ತಾನೇ ಬಿಳುಪು ಮಾಡಿಕೊಂಡ ರೂಪವನ್ನು ‘ಮೂಲ’ ಎಂದು ಕರೆದು, ನಿಜವಾದ ಮೂಲ ಎದುರಿಗೆ ಬಂದು ನಿಂತಾಗ ಅದನ್ನು ಕೆಡುಕು ಎಂದು ಓಡಿಸಲು ನೋಡಿತು. ನಾನೊಮ್ಮೆ ತರಗತಿಯಲ್ಲಿ, ‘ಒಂದೂರಲ್ಲಿ ಒಬ್ಬ ಮೇಷ್ಟ್ರಿದ್ದರು’ ಎಂದು ಹೇಳಿ, ಅವರು ಯಾವ ಬೀದಿಯಲ್ಲಿ ಇದ್ದರು ಅಂತ ಕೇಳಿದೆ. ಎಲ್ಲರೂ ಅವರನ್ನು ಊರೊಳಗೆ ಇರಿಸಿದರು. ಕೇರಿಯಿಂದ ಬಂದ ಹುಡುಗರೂ ಸೇರಿ. ಹೆಸರು, ಜಾತಿ ಹೇಳದೇ ಇದ್ದಾಗ ನಮ್ಮ ತಲೆಯೊಳಗೆ ಎದ್ದು ಬರುವ ಮನುಷ್ಯ ಯಾರು ಎಂಬುದು ಎಲ್ಲ ಸಾಹಿತ್ಯ ಮೀಮಾಂಸೆಗಿಂತ ಹಿಂದಿನ ಪ್ರಶ್ನೆ.

ಈ ‘ಮೂಲ ನಿಷ್ಠೆ’ ಎರಡೂ ಕಡೆ ಸಮವಾಗಿ ಕತ್ತರಿಸುವ ಕತ್ತಿಯೂ ಅಲ್ಲ. ಉರ್ಸುಲಾ ಲೆ ಗ್ವಿನ್ 1968ರಲ್ಲಿ ಬರೆದ ‘ಎ ವಿಝರ್ಡ್ ಆಫ್ ಅರ್ಥ್‌ಸೀ’ಯ ನಾಯಕ ಗೆಡ್ ಕೆಂಗಂದು ಮೈಬಣ್ಣದವನು. ಆ ಲೋಕದ ಬಹುಪಾಲು ಜನ ಬಿಳಿಯರಲ್ಲ. ಲೇಖಕಿ ಬೇಕೆಂದೇ ಹಾಗೆ ಕಟ್ಟಿದ್ದು. 2004ರ ಡಿಸೆಂಬರಿನಲ್ಲಿ ಅಮೆರಿಕದ ಟೆಲಿವಿಷನ್ ಅದನ್ನು ತೆರೆಗೆ ತಂದಾಗ ಗೆಡ್ ಬಿಳಿಯನಾಗಿದ್ದ. ಲೆ ಗ್ವಿನ್ ಇದನ್ನು ಪತ್ರಿಕೆಯಲ್ಲಿ ನೇರವಾಗಿ ಖಂಡಿಸಿ ಬರೆಯಬೇಕಾಯಿತು. ಬಣ್ಣ ತಿಳಿಯಾದರೆ ಅದು ವ್ಯಾಪಾರದ ಅನಿವಾರ್ಯ. ಬಣ್ಣ ದಟ್ಟವಾದರೆ ಅದು ಮೂಲಕ್ಕೆ ಬಗೆದ ದ್ರೋಹ. ನೀರು ಮೇಲಿನಿಂದ ಕೆಳಕ್ಕೆ ಸುರಿದರೆ ದಾನ, ಕೆಳಗಿನವರು ಮೇಲಕ್ಕೆ ಕೈ ಚಾಚಿ ಮುಟ್ಟಿದರೆ ಮೈಲಿಗೆ ಎಂಬ ನಮ್ಮ ನ್ಯಾಯವೇ ಇದು.

2011ರಲ್ಲಿ ಬಂದ ‘ಥಾರ್’ ಸಿನಿಮಾದ ಪ್ರಸಂಗ ಇನ್ನೂ ಸೊಗಸಾಗಿದೆ. ಅದರಲ್ಲಿ ಹೈಮ್‌ಡಾಲ್ ಎಂಬ ದೇವತೆಯಾಗಿ ಇದ್ರಿಸ್ ಎಲ್ಬಾ ಎಂಬ ಕಪ್ಪು ನಟ ಕಾಣಿಸಿಕೊಂಡ. ಸಿನಿಮಾ ಬರೋಕೆ ಮೊದಲೇ ಬಿಳಿಯರ ಸಂಘಟನೆಯೊಂದು ಬಹಿಷ್ಕಾರದ ಕರೆ ಕೊಟ್ಟಿತು. ಈ ಹೈಮ್‌ಡಾಲ್ ಯಾರು? ನಾರ್ಡಿಕ್ ಪುರಾಣದಲ್ಲಿ ದೇವಲೋಕದ ಬಾಗಿಲು ಕಾಯುವವನು. ನಮ್ಮ ಊರುಗಳಲ್ಲಿ ಕಾವಲಿನ ಕೆಲಸವನ್ನು ತಳವಾರ, ತೋಟಿಗಳ ತಲೆಗೆ ಕಟ್ಟಿದರು. ಊರು ಕಾಯುವವನು ಊರೊಳಗೆ ಬರುವ ಹಾಗಿರಲಿಲ್ಲ. ಅಲ್ಲಿ ನೋಡಿದರೆ ಕಾವಲುಗಾರನೂ ದೇವತೆಯಾಗಿದ್ದಾನೆ. ಹಾಗಾಗಿ ಆ ಕೆಲಸವೂ ಕಪ್ಪು ಮನುಷ್ಯನಿಗೆ ಸಲ್ಲುವುದಿಲ್ಲ.

‘ಮೂಲಕ್ಕೆ ನಿಷ್ಠೆ’ ಎಂಬ ಮಾತು ಮೇಲುನೋಟಕ್ಕೆ ಸಾಹಿತ್ಯದ ಮಾತು. ಒಳಗೆ ಅದು ಮಡಿಯ ಮಾತು. ಕನ್ನಡದ ಓದುಗರಿಗೆ ಇದು ವಿಚಿತ್ರವಾಗಿ ಕಾಣಬೇಕು. ಯಾಕಂದ್ರೆ ನಮ್ಮ ಆದಿಕವಿಯೇ ದ್ರೌಪದಿಯನ್ನು ಅರ್ಜುನನೊಬ್ಬನ ಹೆಂಡತಿ ಮಾಡಿ, ಆ ಅರ್ಜುನನಲ್ಲಿ ತನ್ನ ದೊರೆಯನ್ನು ಕಂಡವನು. ವ್ಯಾಸನ ಮೂಲ ಕೆಟ್ಟಿತೆಂದು ಪಂಪನನ್ನು ನಾವು ಹೊರಗೆ ಹಾಕಿಲ್ಲ. ಮೂಲವನ್ನು ಯಾರು ಮುರಿದರೆ ಕಾವ್ಯ, ಯಾರು ಮುರಿದರೆ ಅಪಚಾರ ಎಂಬಲ್ಲೇ ಅಧಿಕಾರದ ರಾಜಕಾರಣ ಇರೋದು.

3

ಇನ್ನು ಎದುರು ನೋಡುವವರ ಕಾಯುವಿಕೆಗೆ ಬರುತ್ತೇನೆ. ದಲಿತರಿಗೆ ಕಾಯುವುದು ಹೊಸದಲ್ಲ. ಬಾವಿಕಟ್ಟೆಯ ಹತ್ತಿರ ಯಾರಾದರೂ ನೀರು ಹೊಯ್ಯಲಿ ಎಂದು ಕಾದವರು, ಹೋಟೆಲಿನ ಹೊರಗೆ ಬೇರೆ ಲೋಟಕ್ಕೆ ಕಾದವರು ನಮ್ಮ ಹಿರಿಯರು. ಅಂಬೇಡ್ಕರ್ ಮೂವತ್ತರ ದಶಕದಲ್ಲಿ ಬರೆದಿಟ್ಟ ಪುಟ್ಟ ಆತ್ಮಕಥನದ ಹೆಸರೇ ‘ವೇಟಿಂಗ್ ಫಾರ್ ಎ ವೀಸಾ’. 1901ರಲ್ಲಿ ಅಪ್ಪನನ್ನು ನೋಡಲು ಹೊರಟ ಮಕ್ಕಳು ಮಸೂರು ಸ್ಟೇಷನ್ನಿನಲ್ಲಿ ಇಳಿದು, ಕರೆದೊಯ್ಯಲು ಬರಬೇಕಾದವರು ಬಾರದೆ ಕಾಯುತ್ತಾ ಕೂತ ಸಂಗತಿ ಅದರಲ್ಲಿದೆ. ಅವರು ಮಹಾರ್ ಮಕ್ಕಳೆಂದು ತಿಳಿದ ಮೇಲೆ ಗಾಡಿ ಹೊಡೆಯಲು ಯಾರೂ ಮುಂದೆ ಬರಲಿಲ್ಲ. ತನ್ನ ದೇಶದಲ್ಲೇ ಒಳಗೆ ಬರಲು ಪರವಾನಗಿಗೆ ಕಾಯಬೇಕಾದ ಸ್ಥಿತಿಯನ್ನು ಆ ಹೆಸರು ಹೇಳುತ್ತದೆ. ಕಥೆಯೊಳಗೆ ಬರಲೂ ಇಂಥದೇ ವೀಸಾ ಬೇಕಾಗುತ್ತದೆ.

‘ಬ್ಲ್ಯಾಕ್ ಪ್ಯಾಂಥರ್’ ಹೆಸರಿನ ಚರಿತ್ರೆಯನ್ನು ಈ ದೃಷ್ಟಿಯಿಂದ ನೋಡಬೇಕು. ಸ್ಟ್ಯಾನ್ ಲೀ ಮತ್ತು ಜ್ಯಾಕ್ ಕರ್ಬಿ ಎಂಬ ಇಬ್ಬರು ಯಹೂದಿ ಕಲಾವಿದರು ಈ ಹೆಸರಿನ ಆಫ್ರಿಕನ್ ದೊರೆಯನ್ನು ‘ಫೆಂಟಾಸ್ಟಿಕ್ ಫೋರ್’ ಕಾಮಿಕ್ಸಿನ 52ನೆಯ ಸಂಚಿಕೆಯಲ್ಲಿ ತಂದದ್ದು 1966ರಲ್ಲಿ. ಅದೇ ವರ್ಷದ ಅಕ್ಟೋಬರಿನಲ್ಲಿ ಓಕ್ಲೆಂಡ್ ನಗರದಲ್ಲಿ ಹ್ಯೂಯಿ ನ್ಯೂಟನ್, ಬಾಬಿ ಸೀಲ್ ಸೇರಿ ಬ್ಲ್ಯಾಕ್ ಪ್ಯಾಂಥರ್ ಪಕ್ಷ ಕಟ್ಟಿದರು. ಹೆಸರು ರಾಜಕೀಯವಾಯಿತು. ಮಾರ್ವೆಲ್ ಕಂಪನಿಗೆ ಮುಜುಗರವಾಯಿತು. 1972ರ ಆರಂಭದ ಒಂದು ಸಂಚಿಕೆಯಲ್ಲಿ ಈ ನಾಯಕ ತನ್ನನ್ನು ‘ಬ್ಲ್ಯಾಕ್ ಲೆಪರ್ಡ್’ ಎಂದು ಕರೆದುಕೊಂಡ. ಅದೇ 1972ರಲ್ಲಿ ಮುಂಬಯಿಯಲ್ಲಿ ನಾಮದೇವ ಢಸಾಳ, ಜೆ.ವಿ. ಪವಾರ್, ರಾಜಾ ಢಾಲೆ ಮೊದಲಾದ ತರುಣರು ದಲಿತ ಪ್ಯಾಂಥರ್ಸ್ ಎಂದು ಹೆಸರಿಟ್ಟುಕೊಂಡರು. ಕಾಗದದ ನಾಯಕ ಹೆಸರಿಗೆ ಹೆದರಿ ಹಿಂದೆ ಸರಿದ ವರ್ಷವೇ ಸಾವಿರಾರು ಮೈಲಿ ಆಚೆಯ ಚಾಳುಗಳ ಹುಡುಗರು ಆ ಹೆಸರನ್ನು ಎತ್ತಿಕೊಂಡರು. ನಮ್ಮಲ್ಲಿ ಅದೇ ದಶಕದಲ್ಲಿ ಕಟ್ಟಿದ ದಲಿತ ಸಂಘರ್ಷ ಸಮಿತಿಯ ತರುಣರೂ ಈ ಹೆಸರನ್ನು ಹತ್ತಿರದಿಂದ ಬಲ್ಲವರು. ಹಾಗಾಗಿ 2018ರ ಫೆಬ್ರವರಿಯಲ್ಲಿ ಬಂದ ರಯಾನ್ ಕೂಗ್ಲರ್ ನಿರ್ದೇಶನದ ‘ಬ್ಲ್ಯಾಕ್ ಪ್ಯಾಂಥರ್’ ನಮಗೆ ಸಂಬಂಧವಿಲ್ಲದ ಸಿನಿಮಾ ಅಲ್ಲ.

ಆ ಸಿನಿಮಾಕ್ಕೆ ಕಪ್ಪು ಅಮೆರಿಕನ್ನರು ಕಾದ ರೀತಿಯೇ ಬೇರೆ. ತೊಂಬತ್ತರ ದಶಕದಲ್ಲಿ ವೆಸ್ಲಿ ಸ್ನೈಪ್ಸ್ ಈ ಪಾತ್ರವನ್ನು ತೆರೆಗೆ ತರಲು ಹೆಣಗಿ ಕೈಬಿಟ್ಟಿದ್ದ. ಅಷ್ಟು ದೀರ್ಘ ನಿರೀಕ್ಷೆ. ಬಿಡುಗಡೆಗೆ ಮೊದಲು ಹಾರ್ಲೆಮ್ಮಿನ ಮಕ್ಕಳಿಗೆ ಟಿಕೆಟ್ ಕೊಡಿಸಲು ಜನ ಚಂದಾ ಎತ್ತಿದರು. ಆ ಮಾದರಿ ಬೇರೆ ಊರುಗಳಿಗೂ ಹಬ್ಬಿತು. ಚರ್ಚುಗಳು, ಶಾಲೆಗಳು ಇಡೀ ಪ್ರದರ್ಶನಗಳನ್ನೇ ಕೊಂಡವು. ಅಜ್ಜಿ ಮೊಮ್ಮಕ್ಕಳು ಆಫ್ರಿಕನ್ ಉಡುಪು ಉಟ್ಟು ಹಬ್ಬಕ್ಕೆ ಹೋದಂತೆ ಹೋದರು. ಇದನ್ನು ಅಭಿಮಾನ ಎಂದು ಕರೆದರೆ ಸಾಲದು. ಕನ್ನಡದಲ್ಲಿ ಫ್ಯಾನ್ ಅನ್ನುವುದಕ್ಕೆ ‘ಅಭಿಮಾನಿ’ ಎನ್ನುತ್ತೇವೆ. ಬೇರೆಯವನೊಬ್ಬನ ಮೇಲೆ ಇಟ್ಟ ಹೆಮ್ಮೆ ಅದು. ದಲಿತ ಚಳವಳಿ ನಮಗೆ ಕೊಟ್ಟ ಮಾತು ‘ಸ್ವಾಭಿಮಾನ’. ಆ ಫೆಬ್ರವರಿಯಲ್ಲಿ ಅಭಿಮಾನ ಸ್ವಾಭಿಮಾನವಾಗಿ ತಿರುಗಿದ ಕೆಲವು ವಾರಗಳಿದ್ದವು ಎಂದು ನನಗೆ ತೋರುತ್ತದೆ. ತೆರೆಯ ಮೇಲಿನ ದೊರೆಯನ್ನು ನೋಡಲು ಹೋದವರು ಒಬ್ಬರನ್ನೊಬ್ಬರು ನೋಡಿಕೊಂಡು ಬಂದರು.

4

ಆದರೆ ವಿಮರ್ಶೆ ಇಲ್ಲಿಗೇ ನಿಂತರೆ ಅದು ಭಜನೆಯಾಗುತ್ತದೆ. ಸಿನಿಮಾ ಆ ಕಾಯುವಿಕೆಗೆ ಏನು ಕೊಟ್ಟಿತು?

ಆರಂಭದ ದೃಶ್ಯ 1992ರ ಓಕ್ಲೆಂಡಿನದು. ಪ್ಯಾಂಥರ್ ಪಕ್ಷ ಹುಟ್ಟಿದ ಊರನ್ನೇ, ತಾನೂ ಹುಟ್ಟಿದ ಊರನ್ನೇ ಕೂಗ್ಲರ್ ಬೇಕೆಂದು ಆರಿಸಿದ್ದಾನೆ. ಮೇಲೆ ಮನೆಯೊಳಗೆ ವಕಾಂಡಾದ ರಾಜ ತನ್ನ ತಮ್ಮನನ್ನೇ ಕೊಲ್ಲುತ್ತಾನೆ. ಕೆಳಗೆ ಹುಡುಗರು ಚೆಂಡಾಡುತ್ತಿದ್ದಾರೆ. ಆಕಾಶದಲ್ಲಿ ಏನೋ ಬೆಳಕು ದೂರವಾಗೋದನ್ನು ಒಬ್ಬ ಹುಡುಗ ನೋಡುತ್ತಾ ನಿಲ್ಲುತ್ತಾನೆ. ಸತ್ತವನ ಮಗ ಅವನು. ಶ್ರೀಮಂತ, ಸ್ವತಂತ್ರ, ಯಾರ ಕೈಗೂ ಸಿಗದ ಕಪ್ಪು ದೇಶ ಅವನನ್ನು ಬಿಟ್ಟು ಹೋಗುತ್ತಿದೆ. ಇಡೀ ಸಿನಿಮಾದಲ್ಲಿ ಕಾಯುವಿಕೆಯ ನಿಜವಾದ ಚಿತ್ರ ಇದೇ. ಆ ಹುಡುಗ ಮುಂದೆ ಕಿಲ್‌ಮಾಂಗರ್ ಆಗಿ ಬೆಳೆದು ವಕಾಂಡಾಕ್ಕೆ ಬಂದು ಕೇಳುವ ಪ್ರಶ್ನೆ ಒಂದೇ: ಜಗತ್ತಿನ ಉದ್ದಕ್ಕೂ ನಮ್ಮವರು ತುಳಿತಕ್ಕೆ ಸಿಕ್ಕಿದ್ದಾಗ ಆಯುಧವಿದ್ದ ನೀವು ಎಲ್ಲಿದ್ದಿರಿ?

ಈ ಪ್ರಶ್ನೆಗೆ ಸಿನಿಮಾದ ಬಳಿ ಉತ್ತರವಿಲ್ಲ. ಹಾಗಾಗಿ ಕೇಳಿದವನನ್ನು ಖಳನಾಯಕ ಮಾಡಿ, ಸ್ತ್ರೀಯರನ್ನು ಕೊಲ್ಲುವ ಕ್ರೂರಿ ಮಾಡಿ, ಕೊನೆಗೆ ಕೊಲ್ಲಿಸುತ್ತದೆ. ತುಳಿತಕ್ಕೊಳಗಾದವರಿಗೆ ಆಯುಧ ಒಯ್ಯುತ್ತಿದ್ದ ವಿಮಾನಗಳನ್ನು ಹೊಡೆದುರುಳಿಸುವವನು ಅಮೆರಿಕದ ಸಿ.ಐ.ಎ. ಅಧಿಕಾರಿ, ಅವನು ಇಲ್ಲಿ ಒಳ್ಳೆಯವನು. ಕೊನೆಯಲ್ಲಿ ದೊರೆ ಓಕ್ಲೆಂಡಿನ ಕಟ್ಟಡಗಳನ್ನು ಕೊಂಡು ಅಲ್ಲಿ ಸೇವಾಕೇಂದ್ರ ತೆರೆಯುತ್ತಾನೆ. ಅಂದರೆ ಹಕ್ಕಿನ ಪ್ರಶ್ನೆಗೆ ದಾನದ ಉತ್ತರ. ನಮಗೆ ಈ ಉತ್ತರ ಹೊಸದಲ್ಲ. ಪ್ರತ್ಯೇಕ ಮತದ ಪ್ರಶ್ನೆಗೆ ಹರಿಜನ ಸೇವೆಯ ಉತ್ತರ ಕೊಟ್ಟ 1932 ನಮ್ಮ ನೆನಪಿನಲ್ಲಿದೆ.

ಇದರ ಜೊತೆಗೇ ಮಾರುಕಟ್ಟೆಯ ಕ್ಯಾಲೆಂಡರನ್ನು ನೋಡಬೇಕು. ‘ಬ್ಲ್ಯಾಕ್ ಪ್ಯಾಂಥರ್’ ಜಗತ್ತಿನಾದ್ಯಂತ 130 ಕೋಟಿ ಡಾಲರಿಗೂ ಮಿಕ್ಕಿ ಗಳಿಸಿತು, ಮೂರು ಆಸ್ಕರ್ ಪಡೆಯಿತು. ಕಪ್ಪು ನಾಯಕನ ಸಿನಿಮಾ ಓಡೋದಿಲ್ಲ ಎಂಬ ಹಳೆಯ ಸುಳ್ಳು ಸತ್ತಿತು. ಮರುವರ್ಷ, 2019ರ ಜುಲೈಯಲ್ಲಿ, ಅದೇ ಸ್ಯಾನ್ ಡಿಯಾಗೋ ಸಭಾಂಗಣದಲ್ಲಿ ‘ಬ್ಲೇಡ್’ ಎಂಬ ಇನ್ನೊಬ್ಬ ಕಪ್ಪು ನಾಯಕನ ಹೊಸ ಸಿನಿಮಾವನ್ನು ಮಾರ್ವೆಲ್ ಘೋಷಿಸಿತು. ಮಹರ್ಷಾಲಾ ಅಲಿ ವೇದಿಕೆಗೆ ಬಂದ, ಜನ ಕುಣಿದರು. ಆಮೇಲೆ ನಿರ್ದೇಶಕರು ಒಬ್ಬರಾದ ಮೇಲೆ ಒಬ್ಬರು ಬಿಟ್ಟು ಹೋದರು. ತಾರೀಖು ಮತ್ತೆ ಮತ್ತೆ ಮುಂದಕ್ಕೆ ಹೋಯಿತು. 2024ರ ಅಕ್ಟೋಬರಿನಲ್ಲಿ ಅದನ್ನು ಬಿಡುಗಡೆಯ ಪಟ್ಟಿಯಿಂದಲೇ ತೆಗೆದರು. ಘೋಷಣೆಗೆ ಖರ್ಚಿಲ್ಲ. ಕಾಯುವವರ ಉತ್ಸಾಹವೇ ಪುಕ್ಕಟೆ ಜಾಹೀರಾತು. ಭರವಸೆ ಕೊಡುವ ದಿನ ದೊಡ್ಡ ಸಭೆ, ಅದನ್ನು ಕಿತ್ತುಹಾಕುವ ದಿನ ಎರಡು ಸಾಲಿನ ಸುದ್ದಿ. ಚುನಾವಣೆಯ ಪ್ರಣಾಳಿಕೆಗಳನ್ನು ಓದಿ ಬೆಳೆದ ನಮ್ಮ ಕೇರಿಗಳಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

5

ಕಾಯುವಿಕೆಯನ್ನೇ ಅಧಿಕಾರ ಬಿತ್ತಿ ಬೆಳೆಯಬಲ್ಲದು ಎಂಬುದನ್ನು ಅರ್ಥ ಮಾಡಿಕೊಳ್ಳಲು ವೈಜ್ಞಾನಿಕ ಕಾದಂಬರಿಗಳ ಪೈಕಿ ‘ಡ್ಯೂನ್’ನಷ್ಟು ನೆರವಾಗುವ ಕೃತಿ ಇನ್ನೊಂದಿಲ್ಲ. ಫ್ರಾಂಕ್ ಹರ್ಬರ್ಟ್ 1965ರಲ್ಲಿ ಪ್ರಕಟಿಸಿದ ಈ ಕಾದಂಬರಿಯಲ್ಲಿ ಫ್ರೆಮೆನ್ ಎಂಬ ಮರುಭೂಮಿಯ ಜನ ತಮ್ಮನ್ನು ಉದ್ಧರಿಸುವ ಪ್ರವಾದಿಗೆ ಕಾದಿದ್ದಾರೆ. ಆ ಪುರಾಣ ಅವರದ್ದಲ್ಲ. ಬೆನೆ ಗೆಸೆರಿಟ್ ಎಂಬ ಪುರೋಹಿತ ಸ್ತ್ರೀಯರ ಸಂಘ ತಲೆಮಾರುಗಳ ಹಿಂದೆಯೇ ಅಲ್ಲಿಗೆ ಹೋಗಿ, ಮುಂದೊಂದು ದಿನ ತಮ್ಮವರಿಗೆ ಅನುಕೂಲವಾಗಲಿ ಎಂದು ಆ ಕಥೆಯನ್ನು ಬಿತ್ತಿ ಬಂದಿದೆ. ಪಾಲ್ ಎಂಬ ಮೇಲ್ಕುಲದ ತರುಣ ಆ ನಿರೀಕ್ಷೆಯ ಮೇಲೆ ಏರಿ ಕೂರುತ್ತಾನೆ. ಕಾಯುವ ಜನ ಅವನ ಸೈನ್ಯವಾಗುತ್ತಾರೆ.

ಅವತಾರದ ಕಲ್ಪನೆ ನಮ್ಮಲ್ಲಿ ಮಾಡಿದ್ದೂ ಇದನ್ನೇ ಅಲ್ಲವೇ? ಕಷ್ಟ ಬಂದಾಗ ಮೇಲಿನಿಂದ ಒಬ್ಬ ಇಳಿದು ಬರುತ್ತಾನೆ, ಅಲ್ಲಿಯವರೆಗೆ ಸಹಿಸಿಕೊಂಡಿರಿ ಎಂಬ ಪಾಠ. ಜೋತಿಬಾ ಫುಲೆ 1873ರ ‘ಗುಲಾಮಗಿರಿ’ಯಲ್ಲಿ ಅವತಾರಗಳನ್ನು ಒಂದೊಂದಾಗಿ ಎತ್ತಿಕೊಂಡು, ಅವು ಉದ್ಧಾರದ ಕಥೆಗಳಲ್ಲ, ಆಕ್ರಮಣದ ಕಥೆಗಳು ಎಂದು ಓದಿದರು, ಬಲಿರಾಜನನ್ನು ನಮ್ಮವನೆಂದು ಎತ್ತಿ ಹಿಡಿದರು. ಆ ಪುಸ್ತಕವನ್ನು ಅವರು ಅರ್ಪಿಸಿದ್ದು ಗುಲಾಮಗಿರಿಯನ್ನು ತೊಲಗಿಸಿದ ಅಮೆರಿಕದ ಜನರಿಗೆ. ಬಲಿಪಾಡ್ಯಮಿಯ ದಿನ ಬಲಿ ಮರಳಿ ಬರುತ್ತಾನೆಂದು ಇಂದಿಗೂ ದೀಪ ಹಚ್ಚುವ ನಮ್ಮ ಮನೆಗಳಲ್ಲಿ ಇನ್ನೊಂದು ಬಗೆಯ ಕಾಯುವಿಕೆ ಉಳಿದಿದೆ. ಅದು ಮೇಲಿನಿಂದ ಇಳಿಯುವವನಿಗಲ್ಲ, ಕೆಳಕ್ಕೆ ತುಳಿಯಲ್ಪಟ್ಟವನಿಗೆ.

ವೀರಪೂಜೆಯ ವಿರುದ್ಧದ ಎಚ್ಚರಿಕೆಯಾಗಿಯೇ ‘ಡ್ಯೂನ್’ ಬರೆದದ್ದೆಂದು ಹರ್ಬರ್ಟ್ ಹೇಳಿಕೊಂಡಿದ್ದಾನೆ. ಆದರೂ ಬಹಳ ಓದುಗರು ಪಾಲ್‌ನನ್ನೇ ಪೂಜಿಸಿದರು. ಡೆನಿ ವಿಲ್‌ನೆವ್ 2021 ಮತ್ತು 2024ರಲ್ಲಿ ಅದನ್ನು ಎರಡು ಭಾಗಗಳಲ್ಲಿ ತೆರೆಗೆ ತಂದಾಗ ಒಂದು ಮುಖ್ಯ ಬದಲಾವಣೆ ಮಾಡಿದ. ಕಾದಂಬರಿಯ ಕೊನೆಯಲ್ಲಿ ಫ್ರೆಮೆನ್ ಹೆಣ್ಣು ಚಾನಿ ಪಾಲ್‌ನ ಪಕ್ಕದಲ್ಲೇ ಉಳಿಯುತ್ತಾಳೆ. ಸಿನಿಮಾದಲ್ಲಿ ಎಲ್ಲರೂ ಅವನಿಗೆ ಮಂಡಿಯೂರಿದಾಗ ಅವಳು ಊರುವುದಿಲ್ಲ. ಎದ್ದು ಮರುಭೂಮಿಗೆ ಹೊರಟು ಹೋಗುತ್ತಾಳೆ. ಆ ಪಾತ್ರದಲ್ಲಿರೋದು ಜೆಂಡಾಯಾ, ಕಪ್ಪು ತಂದೆಯ ಮಗಳು. ಮೂಲ ಕೆಟ್ಟಿತೆಂದು ಕಾವಲಿನವರು ಗೊಣಗಿದರು. ನನಗೆ ಅನ್ನಿಸೋದು, ಮೂಲ ಹೇಳಬೇಕೆಂದಿದ್ದನ್ನು ಮೂಲವನ್ನು ಮುರಿದೇ ಹೇಳಿದ ಜಾಗ ಅದು. ಭಕ್ತರ ನಡುವೆ ಭಕ್ತಳಾಗದ ಒಬ್ಬಳು ಇದ್ದದ್ದರಿಂದ ಆ ಭಕ್ತಿ ನಮ್ಮ ಕಣ್ಣಿಗೆ ಬಿತ್ತು. 2026ರ ಡಿಸೆಂಬರಿಗೆಂದು ಘೋಷಣೆಯಾದ ಮೂರನೆಯ ಭಾಗದಿಂದ ನಾನು ನಿರೀಕ್ಷಿಸೋದು ಪಾಲ್‌ನ ಯುದ್ಧಗಳನ್ನಲ್ಲ, ಚಾನಿಯ ಸಿಟ್ಟು ಏನಾಯಿತು ಎಂಬುದನ್ನು.

1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಮಾತಾಡುತ್ತಾ ಅಂಬೇಡ್ಕರ್, ಧರ್ಮದಲ್ಲಿ ಭಕ್ತಿ ಆತ್ಮದ ಬಿಡುಗಡೆಗೆ ದಾರಿಯಾದೀತು, ರಾಜಕಾರಣದಲ್ಲಿ ಅದು ಅಧೋಗತಿಗೂ ಸರ್ವಾಧಿಕಾರಕ್ಕೂ ಒಯ್ಯುತ್ತದೆ ಎಂಬರ್ಥದಲ್ಲಿ ಎಚ್ಚರಿಸಿದರು. ಕನ್ನಡದ ಒಬ್ಬ ಮಹಾನಟ ತನ್ನ ಪ್ರೇಕ್ಷಕರನ್ನು ‘ಅಭಿಮಾನಿ ದೇವರುಗಳೇ’ ಎಂದು ಕರೆದು ಪೂಜೆಯ ದಿಕ್ಕನ್ನೇ ತಿರುಗಿಸಲು ನೋಡಿದ್ದುಂಟು. ಆದರೆ ದೇವರೆಂದು ಕರೆಸಿಕೊಂಡವರೇ ಹಾರ ಹಿಡಿದು ಸಾಲಿನಲ್ಲಿ ನಿಂತರು. ಅಂಬೇಡ್ಕರ್ ಪ್ರತಿಮೆಗೇ ಹಾರ ಹಾಕಿ ಅವರ ಈ ಮಾತನ್ನು ಮರೆತ ನಾವು ಅಮೆರಿಕದ ಅಭಿಮಾನಿಗಳನ್ನು ಆಡಿಕೊಂಡು ನಗುವ ಹಾಗಿಲ್ಲ.

6

ಯಾವುದಕ್ಕೆ ಕಾಯಲಿಲ್ಲ ಎಂಬುದೂ ಈ ಪಠ್ಯದ ಭಾಗ. ಡುಬಾಯ್ಸ್ ಹೆಸರು ನಮ್ಮಲ್ಲಿ ಕೆಲವರಿಗಾದರೂ ಗೊತ್ತು. 1946ರಲ್ಲಿ ವಿಶ್ವಸಂಸ್ಥೆಗೆ ಕಪ್ಪು ಅಮೆರಿಕನ್ನರು ಸಲ್ಲಿಸಲಿದ್ದ ಅಹವಾಲಿನ ಬಗ್ಗೆ ಕೇಳಿ ಅಂಬೇಡ್ಕರ್ ಕಾಗದ ಬರೆದದ್ದು ಅವರಿಗೆ. ಅದೇ ಡುಬಾಯ್ಸ್ 1920ರಲ್ಲಿ ‘ದಿ ಕಾಮೆಟ್’ ಎಂಬ ವೈಜ್ಞಾನಿಕ ಕಥೆ ಬರೆದಿದ್ದರು. ಧೂಮಕೇತುವಿನ ವಿಷಗಾಳಿಗೆ ನ್ಯೂಯಾರ್ಕ್ ನಗರವೆಲ್ಲ ಸತ್ತು, ಒಬ್ಬ ಕಪ್ಪು ನೌಕರ ಮತ್ತು ಒಬ್ಬಳು ಸಿರಿವಂತ ಬಿಳಿ ಹೆಣ್ಣು ಮಾತ್ರ ಉಳಿದಂತೆ ಕಾಣುತ್ತದೆ. ಜಗತ್ತು ಮುಗಿದಾಗ ಮಾತ್ರ ಅವಳಿಗೆ ಅವನು ಮನುಷ್ಯನಾಗಿ ಕಾಣುತ್ತಾನೆ. ಅಷ್ಟರಲ್ಲಿ ಊರಾಚೆಯಿಂದ ಅವಳ ತಂದೆ, ಅವನ ಜೊತೆಯವರು ಬರುತ್ತಾರೆ. ಜಗತ್ತು ಮುಗಿದಿಲ್ಲ, ನಗರ ಮಾತ್ರ ಸತ್ತಿದೆ. ಆ ಕ್ಷಣವೇ ಬಣ್ಣವೂ ಮರಳಿ ಬರುತ್ತದೆ, ಅವನನ್ನು ನೇಣು ಹಾಕಿ ಅನ್ನೋ ಕೂಗೂ ಏಳುತ್ತದೆ. ಸೂಪರ್‌ಮನ್ 1938ರಲ್ಲಿ ಹಾರುವುದಕ್ಕೆ ಹದಿನೆಂಟು ವರ್ಷ ಮೊದಲೇ ಇಂಥ ಕಥೆ ಬಂದಿತ್ತು.

ಇನ್ನೊಬ್ಬಳು ಅಕ್ಟೇವಿಯಾ ಬಟ್ಲರ್. 1947ರಲ್ಲಿ ಹುಟ್ಟಿದ ಈಕೆಯ ತಾಯಿ ಬಿಳಿಯರ ಮನೆಗೆಲಸದವಳು. ತಾಯಿ ಹಿತ್ತಲ ಬಾಗಿಲಿನಿಂದ ಒಳಹೋಗುವುದನ್ನು ನೋಡಿ ಬೆಳೆದ ಮಗಳು 1979ರಲ್ಲಿ ‘ಕಿಂಡ್ರೆಡ್’ ಬರೆದಳು. 1976ರ ಕ್ಯಾಲಿಫೋರ್ನಿಯಾದಲ್ಲಿರುವ ಡಾನಾ ಎಂಬ ಕಪ್ಪು ಬರಹಗಾರ್ತಿ ಮತ್ತೆ ಮತ್ತೆ ಗುಲಾಮಗಿರಿಯ ಕಾಲದ ಮೇರಿಲ್ಯಾಂಡಿಗೆ ಸೆಳೆಯಲ್ಪಡುತ್ತಾಳೆ. ಅಲ್ಲಿ ಅವಳು ಕಾಪಾಡಬೇಕಾದದ್ದು ತನ್ನ ಪೂರ್ವಜನಾದ ಬಿಳಿ ಒಡೆಯನ ಮಗನನ್ನು. ಅವನು ಉಳಿಯದಿದ್ದರೆ ಇವಳು ಹುಟ್ಟುವುದಿಲ್ಲ. ಕೊನೆಯ ಸಲ ಮರಳಿ ಬರುವಾಗ ಅವಳ ಎಡಗೈ ಹಿಂದಿನ ಕಾಲದಲ್ಲೇ ಉಳಿದುಬಿಡುತ್ತದೆ. ಚರಿತ್ರೆಯಿಂದ ಇಡಿಯಾಗಿ ಯಾರೂ ಹೊರಗೆ ಬರಲಾರರು ಎಂಬುದಕ್ಕೆ ಇದಕ್ಕಿಂತ ನೇರ ಚಿತ್ರ ನನಗೆ ಕಾಣದು. ಹಿಂದಿನವರು ಯಾಕೆ ತಲೆ ಬಗ್ಗಿಸಿದರು ಎಂದು ಸಿಟ್ಟಾಗುವ ನಮ್ಮ ಹುಡುಗರು ಓದಬೇಕಾದ ಕಾದಂಬರಿ ಇದು. ತಲೆ ಬಗ್ಗಿಸಿ ಬದುಕಿ ಉಳಿಯೋದಕ್ಕೆ ಎಷ್ಟು ಗಟ್ಟಿತನ ಬೇಕಿತ್ತೆಂದು ಅದು ತೋರಿಸುತ್ತದೆ.

1995ರಲ್ಲಿ ಮ್ಯಾಕ್ಆರ್ಥರ್ ಫೆಲೋಶಿಪ್ ಪಡೆದ ಮೊದಲ ವೈಜ್ಞಾನಿಕ ಕಥೆಗಾರ್ತಿ ಬಟ್ಲರ್. 2006ರಲ್ಲಿ ತೀರಿಕೊಂಡಳು. ‘ಕಿಂಡ್ರೆಡ್’ ಧಾರಾವಾಹಿಯಾಗಿ ತೆರೆಗೆ ಬಂದದ್ದು 2022ರ ಡಿಸೆಂಬರಿನಲ್ಲಿ, ಪುಸ್ತಕ ಬಂದ 43 ವರ್ಷಗಳ ಮೇಲೆ. ಎಂಟು ಕಂತು. 2023ರ ಜನವರಿ ಮುಗಿಯುವುದರೊಳಗೆ ಅದನ್ನು ರದ್ದು ಮಾಡಿದರು. ಕಥೆ ಅರ್ಧಕ್ಕೇ ನಿಂತಿತು. ಧಾರಾವಾಹಿಯಲ್ಲಿ ದೋಷಗಳಿದ್ದವು ಎಂಬುದು ನಿಜ. ಆದರೆ ಒಂದೂವರೆ ತಿಂಗಳು ಒಂದು ಕೃತಿಗೆ ಜನ ಸೇರುವಷ್ಟು ಸಮಯವಲ್ಲ. ವಕಾಂಡಾದ ಸಿಂಹಾಸನಕ್ಕೆ ಎಷ್ಟು ವರ್ಷ ಬೇಕಾದರೂ ಕಾಯಬಲ್ಲ ಬಂಡವಾಳ ಕೈ ಕಳೆದುಕೊಂಡ ಹೆಣ್ಣಿಗೆ ಎರಡು ತಿಂಗಳೂ ಕಾಯಲಿಲ್ಲ. ನೋಡುವವರಲ್ಲೂ ಗೆದ್ದ ಕಪ್ಪುದೇಹವನ್ನು ಎದುರು ನೋಡಿದವರೇ ಹೆಚ್ಚು. ಗಾಯಗೊಂಡ ಕಪ್ಪುದೇಹದ ಮುಂದೆ ಕೂರುವ ಧೈರ್ಯ ಕಡಿಮೆ.

ಇಲ್ಲಿಂದ ದಲಿತ ವಿಮರ್ಶೆ ತೆಗೆದುಕೊಳ್ಳಬೇಕಾದ್ದು ಎರಡು ಕೆಲಸ. ಒಂದು, ಕಾವಲಿನವರ ‘ಮೂಲ’ವನ್ನು ಪ್ರಶ್ನಿಸೋದು, ನಮ್ಮ ತಲೆಯೊಳಗೇ ಕೂತಿರೋ ಕಾವಲನ್ನೂ ಸೇರಿಸಿ. ಎರಡನೆಯದು ಕಷ್ಟದ್ದು. ನಮ್ಮವನೊಬ್ಬ ಕವಚ ತೊಟ್ಟು ಹಾರಲಿ ಎಂಬ ಆಸೆ ನ್ಯಾಯವಾದದ್ದು. ಅದನ್ನು ಹೀಯಾಳಿಸುವ ಹಕ್ಕು ಯಾರಿಗೂ ಇಲ್ಲ. ಚಾಡ್ವಿಕ್ ಬೋಸ್‌ಮನ್ 2020ರ ಆಗಸ್ಟಿನಲ್ಲಿ ಸತ್ತಾಗ ಜಗತ್ತಿನ ಎಷ್ಟೋ ಮಕ್ಕಳು ಆಟಿಕೆಗಳನ್ನು ಸಾಲಾಗಿ ನಿಲ್ಲಿಸಿ ಎದೆಯ ಮೇಲೆ ಕೈ ಕಟ್ಟಿ ನಮಸ್ಕರಿಸಿದರು. ಆ ಮಕ್ಕಳ ದುಃಖ ಸರಕಲ್ಲ. ಆದರೆ ಆ ಆಸೆ ಅಷ್ಟಕ್ಕೇ ನಿಂತರೆ ನಾವು ಯಾರದೋ ಕ್ಯಾಲೆಂಡರಿನ ತಾರೀಖಿಗೆ ಕಾಯುವ ಗಿರಾಕಿಗಳಾಗಿ ಉಳಿಯುತ್ತೇವೆ. ನನ್ನ ವಿದ್ಯಾರ್ಥಿಗಳು ಮುಂದಿನ ಸಿನಿಮಾ ಯಾವಾಗ ಬರುತ್ತೆ ಸಾರ್ ಅಂತ ಕೇಳಿದಾಗ ತಾರೀಖು ಹೇಳ್ತೀನಿ. ಜೊತೆಗೆ, ನಿಮ್ಮಜ್ಜಿಯ ಕಾಲಕ್ಕೆ ಒಂದು ಸಲ ಹೋಗಿ ಬರೋ ಕಥೆ ಬರ್ಕೊಂಡು ಬನ್ನಿ ಅಂತಲೂ ಹೇಳ್ತೀನಿ. ಈ ವರ್ಷ ನಾಲ್ಕು ಜನ ಬರೆದು ತಂದಿದ್ದಾರೆ. ಅದರಲ್ಲಿ ಒಬ್ಬಳು ತನ್ನ ಕಥೆಯಲ್ಲಿ ಬಾವಿಕಟ್ಟೆಯ ಹತ್ತಿರ ಕಾಯುತ್ತಾ ನಿಂತ ಅಜ್ಜಿಯನ್ನು ಹಿಂದೆ ಸರಿಸಿ, ತಾನೇ ಹಗ್ಗ ಇಳಿಬಿಟ್ಟಿದ್ದಾಳೆ. ಮುಂದೇನಾಯಿತು ಎಂದು ಬರೆಯಲು ಅವಳಿಗೆ ಇನ್ನೂ ಧೈರ್ಯ ಬಂದಿಲ್ಲ. ಬರೆಯುತ್ತಿದ್ದಾಳೆ.